ಗಂಟು ಹೊತ್ತು ಬ್ಯಾಂಕಾಕಿಗೆ

ಮರಿಕಲ್ಲಿನ ಓದುಗರೊಬ್ಬರು ಪತ್ರ ಬರೆದು ಒಂದು ಗೃಹಕೃತ್ಯದ ಸಂಗತಿಯಲ್ಲಿ ನಮ್ಮ ಅಭಿಪ್ರಾಯ ಕೇಳಿದ್ದಾರೆ. ಅವರ ಮಗಳು ಹೈದರಾಬಾದಿನಲ್ಲಿ ನೌಕರಿಯಲ್ಲಿದ್ದಾಳೆ. ಜೊತೆಗೆ ದುಡಿಯುವ ಇಬ್ಬರು ಗೆಳತಿಯರೊಡನೆ ಹತ್ತು ದಿನ ಬ್ಯಾಂಕಾಕಿಗೆ ಹೋಗಿಬರುವುದಾಗಿ ಹಟ ಹಿಡಿದಿದ್ದಾಳೆ. ಪ್ರವಾಸದ ಕಂಪನಿಯವರ ಆಸರೆ ಬೇಡವಂತೆ, ದೊಡ್ಡ ಹೋಟೆಲೂ ಬೇಡವಂತೆ. ಬೆನ್ನಿಗೊಂದು ಚೀಲ ಏರಿಸಿ, ಬೀದಿಯಲ್ಲಿ ಉಂಡು, ಅಗ್ಗದ ವಸತಿಯಲ್ಲಿ ಮಲಗಿ ಬರುವರಂತೆ. “ಕಾಶಿಗೆ ಎಂದಿದ್ದರೆ ಎರಡನೆಯ ಮಾತಿಲ್ಲದೆ ಕಳಿಸುತ್ತಿದ್ದೆ. ಬ್ಯಾಂಕಾಕಿನ ಹೆಸರೆತ್ತಿದರೆ ಓಣಿಯವರು ಮುಸಿಮುಸಿ ನಗುತ್ತಾರೆ. ಏನು ಮಾಡಲಿ, ತಾವೇ ಹೇಳಿರಿ” ಎಂದು ಆ ತಂದೆಯವರು ಕೇಳಿಕೊಂಡಿದ್ದಾರೆ. ಅವರ ಹೆಸರು ಇಲ್ಲಿ ಬೇಡ. ಇದೇ ಪ್ರಶ್ನೆ ಮಕ್ತಲ್, ಗದ್ವಾಲ, ನಾರಾಯಣಪೇಟೆಗಳ ಬೇರೆ ಮನೆಗಳಲ್ಲಿಯೂ ಎದ್ದಿರಬಹುದೆಂದು ಎಣಿಸಿ, ಈ ತಿಂಗಳ ಪುಟಗಳನ್ನು ಅದಕ್ಕೇ ಮೀಸಲಿಟ್ಟಿದ್ದೇವೆ. ನಾವೂ ನಮ್ಮ ಮನೆಯವರೂ 2024ರ ಡಿಸೆಂಬರಿನಲ್ಲಿ ಆ ನಗರದಲ್ಲಿ ಒಂಬತ್ತು ದಿನ, ಹೆಚ್ಚೇನೂ ಖರ್ಚು ಮಾಡದೆ ಇದ್ದು ಬಂದವರಾದ್ದರಿಂದ ಬರೆಯುವ ಧೈರ್ಯ ಬಂದಿದೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ: ಕಳಿಸಬಹುದು. ಕಂಪನಿಯ ಜೊತೆಗೆ ಹೋಗುವುದಕ್ಕಿಂತ ಹೀಗೆ ಹೋಗುವುದೇ ಮೇಲೆಂದು ಸಹ ನಮ್ಮ ಅನಿಸಿಕೆ. ಅದಕ್ಕೆ ಕಾರಣಗಳಿವೆ, ಒಂದು ಎಚ್ಚರಿಕೆಯೂ ಇದೆ.

ಗಂಟು ಕಟ್ಟಿಕೊಂಡು ದೊಡ್ಡ ಪಟ್ಟಣಕ್ಕೆ ಹೋಗುವ ವಿದ್ಯೆ ನಮ್ಮ ಗಡಿಯ ಜನಕ್ಕೆ ಹೊಸದೇನೂ ಅಲ್ಲ. ಪಾಲಮೂರಿನ ಕೂಲಿಯವರೆಂದರೆ ದೇಶದ ಎಷ್ಟೋ ಅಣೆಕಟ್ಟುಗಳ, ಕಾಲುವೆಗಳ ಕೆಲಸದಲ್ಲಿ ಹೆಸರಾದವರು. ಮಳೆ ಕೈಕೊಟ್ಟ ವರ್ಷ ಮುಂಬಯಿಯ ಬಸ್ಸು ಹಿಡಿಯುವುದು ನಮ್ಮ ಹಳ್ಳಿಗಳಲ್ಲಿ ನಿತ್ಯದ ಮಾತಾಗಿತ್ತು. ತಲೆಯ ಮೇಲೆ ಹಾಸಿಗೆ ಸುರುಳಿ, ಕೈಯಲ್ಲಿ ರೊಟ್ಟಿಯ ಬುತ್ತಿ, ಸೊಂಟದಲ್ಲಿ ನಾಲ್ಕು ದಿನಕ್ಕಾಗುವ ದುಡ್ಡು. ಊರಿನವರು ಮೊದಲೇ ಹೋಗಿ ನೆಲೆಸಿದ ಗಲ್ಲಿ ಎಲ್ಲಿದೆಯೋ ಅಲ್ಲಿಗೆ ನಡೆದು ಸೇರುವುದು. ಆ ಊರಿನ ಬಡವರು ಎಲ್ಲಿ ಉಣ್ಣುವರೋ ಅಲ್ಲಿಯೇ ಉಣ್ಣುವುದು. ಇಂದಿನ ಮಕ್ಕಳು ಬೆನ್ನಿಗೆ ಚೀಲ ಹಾಕಿಕೊಂಡು ಮಾಡುವುದೂ ಬಹುಮಟ್ಟಿಗೆ ಇದನ್ನೇ. ಅಜ್ಜ ಹೊಟ್ಟೆಗಾಗಿ ಹೋದ, ಮೊಮ್ಮಗಳು ಕಣ್ಣಿಗಾಗಿ ಹೋಗುತ್ತಾಳೆ. ಈ ಅಂತರ ಸಣ್ಣದೆಂದು ನಾವು ಹೇಳುವುದಿಲ್ಲ.

ಇನ್ನು ಕೆಟ್ಟ ಹೆಸರಿನ ವಿಚಾರ. ಮುಂಬಯಿಯ ಕಾಮಾಠಿಪುರ ಎಂಬ ಹೆಸರನ್ನು ಕೇಳಿ ಮೂಗು ಮುರಿಯದವರಿಲ್ಲ. ಆ ಪೇಟೆಗೆ ಹೆಸರು ಬಂದದ್ದು ಕಾಮಾಠಿಗಳಿಂದ, ಅಂದರೆ ನಿಜಾಮರ ಸೀಮೆಯ ಕಡೆಯಿಂದ ಹೋಗಿ ಆ ಪಟ್ಟಣದ ಕಲ್ಲು ಮಣ್ಣು ಹೊತ್ತ ಕೂಲಿಕಾರರಿಂದ, ಎಂಬುದನ್ನು ಬಲ್ಲವರು ಕಡಿಮೆ. ಕೆಲವು ಬೀದಿಗಳಲ್ಲಿ ನಡೆದ ವ್ಯಾಪಾರ ಇಡೀ ಪೇಟೆಗೆ ಮಸಿ ಬಳಿಯಿತು. ಅಲ್ಲಿಯೇ ಬಾಳಿ ಮಕ್ಕಳನ್ನು ಓದಿಸಿದ ಸಾವಿರಾರು ಕುಟುಂಬಗಳು ಆ ಹೆಸರನ್ನು ಹೊತ್ತವು. ಬ್ಯಾಂಕಾಕಿನ ಪಾಡೂ ಹೀಗೆಯೇ ಆಗಿದೆ. ಮುಸಿಮುಸಿ ನಗುವವರು ಆಡುವುದು ಎರಡು ಮೂರು ಗಲ್ಲಿಗಳ ಸುದ್ದಿ. ಇನ್ನೊಂದು ತಮಾಷೆಯೂ ಇದೆ. ಆ ಗಲ್ಲಿಗಳ ದೀಪ ತೋರಿಸಲು ವ್ಯಾನಿನಲ್ಲಿ ಕರೆದೊಯ್ಯುವವರು ಹೆಚ್ಚಾಗಿ ನಾಲ್ಕು ರಾತ್ರಿ ಐದು ಹಗಲಿನ ಕಂಪನಿಯವರೇ; ಎರಡು ದಿನ ಪಟ್ಟಾಯ, ಎರಡು ದಿನ ಬ್ಯಾಂಕಾಕು, ನಡುವೆ ರತ್ನದ ಅಂಗಡಿ. ಹದಿನಾರು ಬಾತಿನ ದೋಣಿಯಲ್ಲಿ ಓಡಾಡುವವರಿಗೆ ಆ ದೀಪಗಳು ಕಾಣುವುದೇ ಅಪರೂಪ.

ಬಾತು ಎಂದರೆ ಆ ದೇಶದ ನಾಣ್ಯ. ನಮ್ಮ ಎರಡೂವರೆ ರೂಪಾಯಿಯ ಆಜುಬಾಜು ಎಂದು ಲೆಕ್ಕ ಹಾಕಿಕೊಂಡು ಹೋಗಿದ್ದೆವು. ಈಗ ಇನ್ನೂ ಸ್ವಲ್ಪ ಏರಿದೆ.

ನಗರ ದೊಡ್ಡದು, ಗದ್ದಲದ್ದು, ಸೆಕೆಯದು. ವಾಹನಗಳು ಗಂಟೆಗಟ್ಟಲೆ ನಿಂತಲ್ಲೇ ನಿಲ್ಲುತ್ತವೆ. ಆದರೆ ನಮ್ಮ ಹೈದರಾಬಾದು ಕಂಡವರಿಗೆ ಅದರಲ್ಲಿ ಅಂಜುವಂಥದೇನೂ ಇಲ್ಲ. ಅಯುತ್ಥಯ ಎಂಬ ಹಳೆಯ ರಾಜಧಾನಿಯನ್ನು, ನಮ್ಮ ಅಯೋಧ್ಯೆಯ ಹೆಸರೇ ಅದು, ಬರ್ಮಾದ ಸೈನ್ಯ 1767ರಲ್ಲಿ ಹಾಳುಗೆಡವಿತು. ಮುಂದೆ 1782ರಲ್ಲಿ ಮೊದಲನೆಯ ರಾಮ ಎನಿಸಿಕೊಂಡ ಅರಸನು ನದಿಯ ಪೂರ್ವದ ದಡದಲ್ಲಿ ಈ ಊರನ್ನು ಕಟ್ಟಿದನು. ಅಲ್ಲಿನವರು ಇದನ್ನು ಬ್ಯಾಂಕಾಕೆಂದು ಕರೆಯುವುದೇ ಇಲ್ಲ. ಕ್ರುಂಗ್ ಥೇಪ್, ಅಂದರೆ ದೇವನಗರಿ, ಎನ್ನುತ್ತಾರೆ. ಪೂರ್ಣ ಹೆಸರು ಹೇಳತೊಡಗಿದರೆ ಅರ್ಧ ಪುಟ ಬೇಕು. ಅದರ ಕೊನೆಯಲ್ಲಿ ಇಂದ್ರನು ಕೊಟ್ಟದ್ದು, ವಿಶ್ವಕರ್ಮನು ಕಟ್ಟಿದ್ದು ಎಂಬ ಅರ್ಥ ಬರುತ್ತದೆ.

ನಾವು ಇಳಿದುಕೊಂಡದ್ದು ಖಾವ್ ಸಾನ್ ಎಂಬ ಬೀದಿಯ ಹಿಂದಿನ ಗಲ್ಲಿಯಲ್ಲಿ. ಖಾವ್ ಸಾನ್ ಎಂದರೆ ಅಕ್ಕಿ; ಹಿಂದೆ ಅದು ಅಕ್ಕಿಯ ಪೇಟೆ. ಬೆಂಗಳೂರಿನ ಅಕ್ಕಿಪೇಟೆ ಇದ್ದಂತೆ ಎನ್ನಿ. 1970ರ ದಶಕದಲ್ಲಿ ಬಿಳಿಯ ತರುಣರು ಚೀಲ ಹೊತ್ತು ಏಷ್ಯಾಖಂಡವನ್ನು ಅಲೆಯತೊಡಗಿದರು. ಟೋನಿ ಮತ್ತು ಮೌರೀನ್ ವ್ಹೀಲರ್ ಎಂಬ ದಂಪತಿಗಳು 1975ರಲ್ಲಿ ಆಗ್ನೇಯ ಏಷ್ಯಾವನ್ನು ಕಡಿಮೆ ಖರ್ಚಿನಲ್ಲಿ ಸುತ್ತುವುದು ಹೇಗೆಂದು ಪುಸ್ತಕವನ್ನೇ ಬರೆದರು. 1982ರಲ್ಲಿ ಬ್ಯಾಂಕಾಕಿನ ಇನ್ನೂರನೆಯ ವರ್ಷದ ಉತ್ಸವಕ್ಕೆ ಜನ ಬಂದಾಗ ಅಕ್ಕಿಪೇಟೆಯ ಮನೆಯವರು ಒಂದೆರಡು ಕೋಣೆಗಳನ್ನು ಬಾಡಿಗೆಗೆ ಕೊಡಲು ಮೊದಲಿಟ್ಟರು. ಈಗ ಇಡೀ ಬೀದಿ ಅದೇ ಕಸುಬಿನದು. ರಾತ್ರಿ ಅಲ್ಲಿ ಸಂಗೀತವೆಂಬ ಹೆಸರಿನಲ್ಲಿ ನಡೆಯುವ ಆರ್ಭಟವನ್ನು ಸಹಿಸುವ ಕಿವಿ ನಮಗಿಲ್ಲ. ಆದ್ದರಿಂದ ಬೀದಿಯಲ್ಲಿ ಇಳಿಯದೆ, ಐದಾರು ನಿಮಿಷ ನಡೆದು ಹೋಗುವ ಒಳಗಲ್ಲಿಗಳಲ್ಲಿ ಇಳಿಯುವುದೇ ಸರಿ. ಹೆಣ್ಣುಮಕ್ಕಳಿಗಾಗಿಯೇ ಬೇರೆ ಡಾರ್ಮಿಟರಿಗಳಿವೆ. ಒಂದು ಮಂಚ, ಒಂದು ಪರದೆ, ಬೀಗದ ಪೆಟ್ಟಿಗೆ, ಹಂಚಿಕೊಳ್ಳುವ ಬಚ್ಚಲು. ಮುನ್ನೂರು ನಾನೂರು ಬಾತಿಗೆ ಸಿಗುತ್ತವೆ.

ಅಗ್ಗದ ಸಂಚಾರಕ್ಕೆ ಆ ಊರಿನ ನೀರೇ ದೊಡ್ಡ ಸಹಾಯ. ಚಾವ್ ಫ್ರಾಯಾ ನದಿಯ ಮೇಲೆ ಕಿತ್ತಳೆ ಬಾವುಟದ ದೋಣಿ ಓಡುತ್ತದೆ. ಎಲ್ಲಿ ಹತ್ತಿದರೂ ಎಲ್ಲಿ ಇಳಿದರೂ ನಾವು ಕೊಟ್ಟದ್ದು ಹದಿನಾರೇ ಬಾತು. ಪ್ರವಾಸಿಗರದೆಂದು ಬೇರೆ ದೋಣಿಯುಂಟು, ಅದಕ್ಕೆ ಹೆಚ್ಚು. ಸೇನ್ ಸೇಪ್ ಎಂಬ ಕಾಲುವೆಯಲ್ಲಿಯೂ ಉದ್ದನೆಯ ದೋಣಿಗಳು ಕಚೇರಿಗೆ ಹೋಗುವವರನ್ನು ಹೊತ್ತು ಹಾರುತ್ತವೆ. ಆ ನೀರು ಕಪ್ಪು, ವಾಸನೆ ಬೇರೆ. ಅಂಚಿನಲ್ಲಿ ಕೂತವರು ಟಾರ್ಪಾಲಿನ ಹಗ್ಗ ಎಳೆದು ಸಿಡಿಯುವ ನೀರನ್ನು ತಡೆದುಕೊಳ್ಳುತ್ತಾರೆ. ಹಗ್ಗ ಎಳೆಯುವ ಆ ಕೆಲಸ ನಮ್ಮ ಪಾಲಿಗೂ ಬಂತು, ಎರಡನೆಯ ದಿನಕ್ಕೆ ಚೆನ್ನಾಗಿಯೇ ಕಲಿತೆವು.

ಅರಮನೆ, ಅದರೊಳಗಿನ ಪಚ್ಚೆಯ ಬುದ್ಧನ ಗುಡಿ ನೋಡಲು ಪರದೇಶಿಗಳಿಗೆ ಐನೂರು ಬಾತು. ನಮ್ಮ ಲೆಕ್ಕದಲ್ಲಿ ಸಾವಿರದ ಇನ್ನೂರು ರೂಪಾಯಿಗೂ ಮೇಲೆ. ಕೈ ನಡುಗಿದರೂ ಕೊಡಬೇಕಾದ ಹಣ ಅದು. ಅಲ್ಲಿನ ಸುತ್ತುಗೋಡೆಗಳ ಮೇಲೆ 178 ಚಿತ್ರಪಟ್ಟಿಗಳಲ್ಲಿ ರಾಮಾಯಣ ಬರೆದಿದ್ದಾರೆ. ಅವರ ಹನುಮಂತ ಬ್ರಹ್ಮಚಾರಿಯಲ್ಲ, ಹೋದಲ್ಲೆಲ್ಲ ಪ್ರಣಯ ಮಾಡಿದವನು. ಇದನ್ನು ತಿಳಿದ ಮೇಲೆ ನಮ್ಮ ಮನೆಯವರು ಆ ಗೋಡೆಯ ಮುಂದೆ ಹೆಚ್ಚು ಹೊತ್ತು ನಿಲ್ಲಲಿಲ್ಲ.

ಊಟದ ಮಾತು ಬಂದರೆ ನಮ್ಮ ಕಡೆಯ ತಾಯಂದಿರಿಗೆ ಚಿಂತೆ. ಮಾಂಸ ತಿನ್ನುವವರಿಗೆ ಅಲ್ಲಿ ಐವತ್ತು ಅರವತ್ತು ಬಾತಿಗೆ ಹೊಟ್ಟೆ ತುಂಬುವ ಅನ್ನವೋ ಶಾವಿಗೆಯೋ ಪ್ರತಿ ಮೂಲೆಯಲ್ಲಿ ಸಿಗುತ್ತದೆ. ತಿನ್ನದವರಿಗೆ ಮಾತ್ರ ಸ್ವಲ್ಪ ಹುಡುಕಾಟ. ಯಾಕೆಂದರೆ ತರಕಾರಿಯ ಪಲ್ಯಕ್ಕೂ ಮೀನಿನ ರಸ ಹಾಕುವುದು ಅವರ ರೂಢಿ. ಹಳದಿಯ ಬಾವುಟದ ಮೇಲೆ ಕೆಂಪು ಅಕ್ಷರದಲ್ಲಿ ‘ಜೇ’ ಎಂದು ಬರೆದ ಅಂಗಡಿಯಾದರೆ ನಿಶ್ಚಿಂತೆ: ಮಾಂಸ, ಮೀನು, ಮೊಟ್ಟೆ ಯಾವುದೂ ಇಲ್ಲ, ಬೆಳ್ಳುಳ್ಳಿಯೂ ಇಲ್ಲ. ಇಲ್ಲವಾದರೆ ಒಂದು ಶಬ್ದ ಕಲಿತು ಹೋಗಬೇಕು, ಮಂಗ್ಸವಿರಾತ್. ಅದನ್ನು ನಿಧಾನವಾಗಿ ನುಡಿದು ನೋಡಿರಿ: ಮಾಂಸವಿರತಿ! ನಮ್ಮ ಪುರಾಣಿಕರ ಬಾಯಿಯ ಶಬ್ದ ಆ ಬೀದಿಯಲ್ಲಿ ಬಾಣಲೆ ಹಿಡಿದ ಹೆಂಗಸಿಗೆ ತಿಳಿಯುತ್ತದೆ. ಫಹುರಾತ್ ಎಂಬ ಬಟ್ಟೆಪೇಟೆಯಲ್ಲಿ ಸಿಖ್ಖರ ದೊಡ್ಡ ಗುರುದ್ವಾರವಿದೆ. ಅಲ್ಲಿ ತಲೆಗೆ ವಸ್ತ್ರ ಹಾಕಿಕೊಂಡು ಹೋದ ಯಾರಿಗೂ ರೊಟ್ಟಿ ಬೇಳೆ ಉಂಟು. ಉಂಡವರು ಪಾತ್ರೆ ತೊಳೆಯಲು ಒಂದಿಷ್ಟು ಕೈಹಾಕಿ ಬರುವುದು ಮರ್ಯಾದೆ.

ಭಾಷೆಯ ಅಂಜಿಕೆಯನ್ನಂತೂ ನಮ್ಮವರು ಇಟ್ಟುಕೊಳ್ಳಲೇಬಾರದು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಬಸ್ ಸ್ಟ್ಯಾಂಡಿನಲ್ಲಿ ದಖನಿ, ನಾರಾಯಣಪೇಟೆಯ ಓಣಿಯಲ್ಲಿ ಒಂದಿಷ್ಟು ಮರಾಠಿ. ಹೀಗೆ ದಿನಕ್ಕೆ ನಾಲ್ಕು ನಾಲಗೆ ತಿರುಗಿಸುವ ಜನ ನಾವು. ಅಲ್ಲಿ ಫೋನಿಗೆ ಥೋರಸಾಪ್ ಎನ್ನುತ್ತಾರೆ, ಅದು ದೂರಶಬ್ದ. ನಿಲ್ದಾಣಕ್ಕೆ ಸಥಾನಿ, ವಿಶ್ವವಿದ್ಯಾಲಯಕ್ಕೆ ಮಹಾವಿತ್ಥಯಾಲಯ್. ರಾಜಧಾನಿಯ ಬಿಗಿ ನುಡಿಗೇ ಅಂಟಿಕೊಂಡವರಿಗಿಂತ ಗಡಿಯಲ್ಲಿ ಬೆಳೆದವರಿಗೆ ಇಂಥ ಗುರುತು ಬೇಗ ಸಿಗುತ್ತದೆಂದು ನಮಗೆ ತೋರಿತು.

ನಾವು ಮರೆಯಲಾರದ ಸ್ಥಳ ಆ ಕಪ್ಪು ಕಾಲುವೆಯ ದಡದ ಬಾನ್ ಕ್ರುವಾ ಎಂಬ ನೇಕಾರರ ಕೇರಿ. ಕಾಂಬೋಡಿಯದ ಕಡೆಯಿಂದ ಬಂದ ಚಾಮ್ ಮುಸಲ್ಮಾನರಿಗೆ ಮೊದಲನೆಯ ರಾಮನ ಕಾಲದಲ್ಲಿ ಅಲ್ಲಿ ನೆಲ ಸಿಕ್ಕಿತು. ರೇಷ್ಮೆ ನೇಯುವುದು ಅವರ ಕುಲದ ಕಸುಬು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಜಿಮ್ ಥಾಂಪ್ಸನ್ ಎಂಬ ಅಮೆರಿಕದವನು ಆ ಬಟ್ಟೆಯನ್ನು ಹೊರದೇಶಗಳಿಗೆ ಒಯ್ದು ಮಾರಿದನು. 1951ರಲ್ಲಿ ನ್ಯೂಯಾರ್ಕಿನ ಪ್ರಸಿದ್ಧ ನಾಟಕವೊಂದರ ಪಾತ್ರಧಾರಿಗಳು ಆ ರೇಷ್ಮೆ ತೊಟ್ಟು ರಂಗಕ್ಕೆ ಬಂದರು. ಥಾಯ್ ರೇಷ್ಮೆಗೆ ಜಗತ್ತಿನಲ್ಲಿ ಹೆಸರಾಯಿತು. ಥಾಂಪ್ಸನ್ ಕೇರಿಗೆ ಎದುರಾಗಿ, ಕಾಲುವೆಯ ಆಚೆಯ ದಡದಲ್ಲಿ ತೇಗದ ಮನೆ ಕಟ್ಟಿಸಿದನು. 1967ರ ಮಾರ್ಚಿಯಲ್ಲಿ ಮಲೇಶಿಯಾದ ಗುಡ್ಡಗಾಡಿನಲ್ಲಿ ತಿರುಗಾಡಲು ಹೋದವನು ಮತ್ತೆ ಕಾಣಿಸಲಿಲ್ಲ. ಏನಾದನೆಂಬುದು ಇಂದಿಗೂ ಬಗೆಹರಿದಿಲ್ಲ. ಕಂಪನಿಯ ನೇಯ್ಗೆ ಕ್ರಮೇಣ ದೂರದ ಕೊರಾಟ್ ಪ್ರಾಂತಕ್ಕೆ ಹೋಯಿತು. ಕೇರಿಯ ಮಗ್ಗಗಳು ಒಂದೊಂದಾಗಿ ನಿಂತವು. ಮೇಲಿಂದ ಕೇರಿಯ ನಡುವೆಯೇ ದೊಡ್ಡ ರಸ್ತೆ ಹಾಯಿಸುವ ಯೋಜನೆ ಬಂತು. ಜನ ಒಟ್ಟಾಗಿ ವರ್ಷಗಟ್ಟಲೆ ಹೋರಾಡಿ ಅದನ್ನು ತಡೆದರು. ಮನೆಗಳು ಉಳಿದವು, ಮಗ್ಗಗಳು ಮಾತ್ರ ಬೆರಳೆಣಿಕೆಯಷ್ಟು.

ತೇಗದ ಮನೆಗೆ ಟಿಕೇಟು ಉಂಟು, ಸಾಲುಗಟ್ಟಿದ ಜನ ಉಂಟು. ಕಿರುಸೇತುವೆ ದಾಟಿ ಈಚೆ ಬಂದರೆ ಟಿಕೇಟಿಲ್ಲ, ಜನವೂ ಇಲ್ಲ. ನಮ್ಮ ಮನೆಯವರು ಅಂದು ನಾರಾಯಣಪೇಟೆಯ ಚೌಕಡಿ ಸೀರೆ ಉಟ್ಟಿದ್ದರು. ಒಂದೇ ಹಾಸಿನಲ್ಲಿ ಎಂಟು ಸೀರೆ ನೇಯುವ ಊರಿನದು ಅದು. ಆ ಕೇರಿಯ ಕಣ್ಣಿಗೆ ತಪ್ಪುವುದುಂಟೇ? ಬಣ್ಣದ ಲಡಿಗಳನ್ನು ಒಣಹಾಕುತ್ತಿದ್ದ ಮುದುಕಿ ಬಂದು ಕೇಳದೆಯೇ ಸೆರಗು ಹಿಡಿದಳು. ಅಂಚನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಉಜ್ಜಿದಳು, ಮಗುಚಿ ಹಿಂಬದಿ ನೋಡಿದಳು. ಆಮೇಲೆ ಬೆರಳು ಮಡಿಸಿ ಏನೋ ಕೇಳಿದಳು. ಎಷ್ಟು ದಿನದ ಕೆಲಸ ಎಂದು ಕೇಳುತ್ತಿರಬೇಕೆಂದು ನಮ್ಮ ಮನೆಯವರು ಊಹಿಸಿ ಬೆರಳಿನಿಂದಲೇ ಉತ್ತರ ಹೇಳಿದರು. ಇಬ್ಬರೂ ಬೆಲೆಯ ಮಾತೆತ್ತಲಿಲ್ಲ. ನಮ್ಮ ಸೀರೆಗೂ ಭೌಗೋಳಿಕ ಗುರುತಿನ ಪತ್ರ ಬಂದಿದೆ, ಅಂಗಡಿಗಳ ಗಾಜಿನ ಬೀರುವಿನಲ್ಲಿ ಹೆಸರು ಮೆರೆಯುತ್ತಿದೆ. ಮಗ್ಗದ ಮೇಲೆ ಕೂತವನಿಗೆ ಎಷ್ಟು ಉಳಿಯುತ್ತದೆಂಬ ಲೆಕ್ಕವನ್ನು ನಮ್ಮ ಊರುಗಳಲ್ಲಿಯೇ ಕೇಳಿ ತಿಳಿಯಬಹುದು. ಆ ತಂದೆಯವರ ಮಗಳು ಬ್ಯಾಂಕಾಕಿನಲ್ಲಿ ಮತ್ತೇನು ಬಿಟ್ಟರೂ ಈ ಕೇರಿಯನ್ನು ಬಿಡಬಾರದೆಂದು ನಮ್ಮ ಕೋರಿಕೆ.

ಇನ್ನು ಎಚ್ಚರಿಕೆ. ಸಣ್ಣ ಮೋಸಗಳು ಅಲ್ಲಿಯೂ ಇವೆ. “ಇಂದು ಅರಮನೆ ಮುಚ್ಚಿದೆ, ಇಪ್ಪತ್ತು ಬಾತಿಗೆ ಬೇರೆ ಗುಡಿ ತೋರಿಸುತ್ತೇನೆ” ಎನ್ನುವ ತುಕ್‌ತುಕ್ ಚಾಲಕ ಕೊನೆಗೆ ನಿಲ್ಲಿಸುವುದು ರತ್ನದ ಅಂಗಡಿಯ ಮುಂದೆ. ನಕ್ಕು ಮುಂದೆ ನಡೆದರೆ ಆಯಿತು. ಪ್ರವಾಸಿಗರಿಗಾಗಿಯೇ ಇರುವ ಪೊಲೀಸರ ದೂರವಾಣಿ ಸಂಖ್ಯೆ 1155. ರಾತ್ರಿ ಹತ್ತರವರೆಗೂ ಹೆಂಗಸರೇ ಬಂಡಿ ಹಚ್ಚಿಕೊಂಡು ವ್ಯಾಪಾರ ಮಾಡುವ ಬೀದಿಗಳಲ್ಲಿ ಮೂವರು ಹುಡುಗಿಯರು ಜೊತೆಯಾಗಿ ನಡೆಯಲು ನಮಗೆ ಅಂಜಿಕೆ ಕಾಣಲಿಲ್ಲ. ಯಾರೋ ಕೊಟ್ಟ ಪಾನೀಯ ಕುಡಿಯಬಾರದೆಂಬುದನ್ನು ಹೈದರಾಬಾದಿನಲ್ಲಿ ಇರುವವಳಿಗೆ ಹೇಳಬೇಕಾಗಿಲ್ಲ.

ನಮ್ಮನ್ನು ನಿಜವಾಗಿ ಚಿಂತೆಗೀಡುಮಾಡುವುದು ಬೇರೆ. ಭಾರತೀಯರಿಗೆ ಥಾಯ್ಲೆಂಡು 2023ರ ನವೆಂಬರಿನಲ್ಲಿ ವೀಸಾ ಬೇಡವೆಂದಿತು. ಸಂಚಾರಕ್ಕೆ ತೆರೆದ ಆ ಬಾಗಿಲಿನಿಂದಲೇ ಕೆಲವರು ನಮ್ಮ ಹುಡುಗರನ್ನು ನೌಕರಿಯ ಆಸೆ ತೋರಿಸಿ ಒಯ್ಯುತ್ತಿದ್ದಾರೆ. ಬ್ಯಾಂಕಾಕಿನಲ್ಲಿ ಕಂಪ್ಯೂಟರಿನ ಕೆಲಸ, ಕೈತುಂಬ ಸಂಬಳ, ಟಿಕೇಟು ನಾವೇ ಕೊಡುತ್ತೇವೆ ಎಂಬ ಮಾತು. ಇಳಿದ ಮೇಲೆ ಪಾಸ್‌ಪೋರ್ಟು ಕಸಿದು, ಗಡಿ ದಾಟಿಸಿ ಮ್ಯಾನ್ಮಾರದ ಮ್ಯಾವಡ್ಡಿ ಕಡೆಯ ಆವರಣಗಳಲ್ಲಿ ಕೂಡಿಹಾಕಿ, ಫೋನಿನಲ್ಲಿ ಜನರನ್ನು ವಂಚಿಸುವ ಕೆಲಸಕ್ಕೆ ಹಚ್ಚುತ್ತಾರೆ. ಒಪ್ಪದವರಿಗೆ ಹೊಡೆತ. 2025ರ ಮಾರ್ಚಿಯಲ್ಲಿ ಹೀಗೆ ಸಿಕ್ಕಿಬಿದ್ದ ಐನೂರಕ್ಕೂ ಹೆಚ್ಚು ಭಾರತೀಯರನ್ನು ಥಾಯ್ ಗಡಿಯ ಮೇ ಸೋತ್ ಊರಿನಿಂದ ನಮ್ಮ ವಾಯುಸೇನೆಯ ವಿಮಾನಗಳಲ್ಲಿ ಕರೆತರಬೇಕಾಯಿತು. ಅವರಲ್ಲಿ ತೆಲಂಗಾಣದವರೂ ಇದ್ದರು. ಹಿಂದೆ ಪಾಲಮೂರಿನ ಕೂಲಿಯವನಿಗೆ ಮುಂಗಡ ಕೊಟ್ಟು ಕಟ್ಟಿಹಾಕುತ್ತಿದ್ದ ಮೇಸ್ತ್ರಿಯೇ ಈಗ ಟೈ ಕಟ್ಟಿಕೊಂಡು ಬಂದಂತಿದೆ.

ಆದ್ದರಿಂದ ಆ ತಂದೆಯವರು ಮಗಳನ್ನು ಕೇಳಬೇಕಾದ ಪ್ರಶ್ನೆಗಳು ಕೆಲವೇ. ಟಿಕೇಟಿನ ಹಣ ಯಾರದು? ಹಿಂದಿರುಗುವ ಟಿಕೇಟು ಕೈಯಲ್ಲಿದೆಯೇ? ಹೋದಲ್ಲಿ ಯಾರಾದರೂ ಕೆಲಸ ಕೊಡಿಸುವ ಮಾತಾಡಿದ್ದಾರೆಯೇ? ಸ್ವಂತ ದುಡಿಮೆಯ ಹಣ, ಹಿಂದಿರುಗುವ ತಾರೀಖು, ತನ್ನ ಪಾಸ್‌ಪೋರ್ಟು ತನ್ನ ಕೈಯಲ್ಲಿ, ಇಷ್ಟಿದ್ದರೆ ಕಾಶಿಗೆ ಕಳಿಸಿದಷ್ಟೇ ನೆಮ್ಮದಿಯಿಂದ ಕಳಿಸಬಹುದು. ಅದೇ ಊರಿಗೆ ನೌಕರಿಗೆಂದು ಹೊರಟ ಹುಡುಗ ಓಣಿಯಲ್ಲಿ ಇದ್ದರೆ, ಮಗಳಿಗಿಂತ ಮೊದಲು ಅವನ ಮನೆಗೆ ಹೋಗಿ ಮಾತಾಡಿರಿ. ಹೊರದೇಶದ ನೌಕರಿಗೆ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿ ನೋಂದಾಯಿತರಾದ ಏಜೆಂಟರಿದ್ದಾರೆ; ನಮ್ಮ ರಾಜ್ಯ ಸರ್ಕಾರದ್ದೇ ಆದ ಟಾಮ್‌ಕಾಮ್ ಸಂಸ್ಥೆಯೂ ಹೈದರಾಬಾದಿನಲ್ಲಿದೆ. ಆ ಪಟ್ಟಿಯಲ್ಲಿ ಇಲ್ಲದವನು ಸ್ವಂತ ಸೋದರಮಾವನಾದರೂ ನಂಬಬೇಡಿರಿ.

ಹೊರಡುವವರಿಗೆ ಕೆಲವು ಸಣ್ಣ ಮಾತುಗಳು. ವೀಸಾ ಇಲ್ಲದೆ ಎಷ್ಟು ದಿನ ಇರಬಹುದೆಂಬ ನಿಯಮ ಬದಲಾಗುತ್ತಿರುತ್ತದೆ. ಟಿಕೇಟು ಕೊಳ್ಳುವ ಮೊದಲು ಥಾಯ್ ರಾಯಭಾರ ಕಚೇರಿಯ ಪ್ರಕಟಣೆ ನೋಡಬೇಕು. 2025ರ ಮೇ ಒಂದರಿಂದ ಆಗಮನದ ಚೀಟಿಯನ್ನು ಅಲ್ಲಿ ಇಳಿಯುವ ಮುಂಚಿನ ಮೂರು ದಿನಗಳೊಳಗೆ ಇಂಟರ್‌ನೆಟ್ಟಿನಲ್ಲಿಯೇ ತುಂಬಬೇಕಾಗಿದೆ, ಅದಕ್ಕೆ ಹಣವಿಲ್ಲ. ಚೀಲ ಹೊತ್ತ ಎಳೆಯರನ್ನು ಕಂಡರೆ ಅಧಿಕಾರಿಗಳು ಹಿಂದಿರುಗುವ ಟಿಕೇಟು, ವಸತಿಯ ಚೀಟಿ, ಕೈಯಲ್ಲಿರುವ ಹಣ ತೋರಿಸೆನ್ನುವುದುಂಟು. ಅಗ್ಗದ ಪ್ರವಾಸವೆಂದು ಕೈ ಬರಿದು ಮಾಡಿಕೊಂಡು ಹೋಗಬಾರದು. ಅಗ್ಗದ ವಿಮಾನಗಳಲ್ಲಿ ಕೈಚೀಲಕ್ಕೆ ಏಳು ಕಿಲೋ ಮಾತ್ರ. ಅದರಲ್ಲಿ ಒಂದು ಕಿಲೋ ಖಡಕ್ ರೊಟ್ಟಿಗೆ, ಶೇಂಗಾ ಹಿಂಡಿಗೆ ಮೀಸಲಿಡುವುದು ಮೇಲು. ಕುಡಿಯುವ ನೀರನ್ನು ಬಾಟಲಿಯಲ್ಲಿ ಕೊಳ್ಳದೆ ಗಲ್ಲಿಗಳಲ್ಲಿ ನಾಣ್ಯ ಹಾಕಿ ತುಂಬಿಕೊಳ್ಳುವ ಯಂತ್ರಗಳಿಂದ ಹಿಡಿಯಬಹುದು.

ಮರಿಕಲ್ಲಿನವರಿಗೆ ದಾರಿಯೂ ಈಗ ಸುಲಭ. ದೇವರಕದ್ರದಿಂದ ಕೃಷ್ಣಾದವರೆಗಿನ ರೈಲುಮಾರ್ಗ 2023ರ ಅಕ್ಟೋಬರಿನಲ್ಲಿ ಪೂರ್ಣವಾಗಿ ತೆರೆದ ಮೇಲೆ ನಮ್ಮೂರಿನ ಮೇಲಿಂದಲೇ ಕಾಚಿಗುಡಕ್ಕೆ ಬಂಡಿ ಸಿಗುತ್ತದೆ; ಶಂಷಾಬಾದಿನಿಂದ ಬ್ಯಾಂಕಾಕಿಗೆ ನಾಲ್ಕು ಗಂಟೆಯೊಳಗಿನ ಹಾರಾಟ. ನವೆಂಬರಿನಿಂದ ಫೆಬ್ರವರಿಯವರೆಗೆ ಹವೆ ಹಿತ, ದರ ಹೆಚ್ಚು. ಮಳೆಗಾಲದಲ್ಲಿ ವಸತಿ ಅಗ್ಗ, ಛತ್ರಿ ಬೇಕು. ಏಪ್ರಿಲ್ 13ರಿಂದ 15ರವರೆಗೆ ಅವರ ಹೊಸ ವರ್ಷ. ಸೋಂಗ್‌ಕ್ರಾನ್ ಎನ್ನುತ್ತಾರೆ, ನಮ್ಮ ಸಂಕ್ರಾಂತಿಯೇ ಆ ಶಬ್ದ. ಆ ಮೂರು ದಿನ ಅಕ್ಕಿಪೇಟೆಯಲ್ಲಿ ಹಾದುಹೋಗುವವರ ಮೇಲೆಲ್ಲ ಬಕೆಟ್ಟುಗಟ್ಟಲೆ ನೀರು ಸುರಿಯುತ್ತಾರೆ. ಆಗ ಹೋಗುವುದಾದರೆ ಪಾಸ್‌ಪೋರ್ಟನ್ನು ಎರಡು ಪದರ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಡಬೇಕು.